ಕೇಳುವ ಮೊದಲೇ ‘ಅದ್ಭುತ’ ಎನ್ನುವುದನ್ನು ನಿಲ್ಲಿಸುವ ಬಗ್ಗೆ

ಮನೆಯಲ್ಲೇ ಹಾಡಿ ಮನೆಯಲ್ಲೇ ಮುದ್ರಿಸುವವರ ಫೋನ್ ಗುಂಪು
ಪ್ರೋತ್ಸಾಹ ವಿಭಾಗ
(ಕಚೇರಿ: ಅಡುಗೆಮನೆ ಕಿಟಕಿಯ ಪಕ್ಕದ ಕುರ್ಚಿ)

ಸಂಖ್ಯೆ: ಮಮುಗು/ಪ್ರೋ/ಚಪ್ಪಾಳೆ/೭

ಸುತ್ತೋಲೆ

ವಿಷಯ: ಸದಸ್ಯರು ಕಳಿಸುವ ಮುದ್ರಣಗಳನ್ನು ಪೂರ್ತಿ ಕೇಳದೆ ಮೆಚ್ಚುಗೆ ನೀಡುತ್ತಿರುವುದು ಗಮನಕ್ಕೆ ಬಂದಿರುವ ಬಗ್ಗೆ, ಹಾಗೂ ಅದರಲ್ಲಿ ಕೆಳಗೆ ಸಹಿ ಮಾಡಿದವರೇ ಮೊದಲಿಗರಾಗಿರುವ ಬಗ್ಗೆ.

ಉಲ್ಲೇಖ:
೧. ಮೌತ್ ಆರ್ಗನ್ ನುಡಿಸುವ ದರ್ಜಿಯವರು ಕಳೆದ ತಿಂಗಳು ಕಳಿಸಿದ ಮುದ್ರಣ. ಅವಧಿ ನಾಲ್ಕು ನಿಮಿಷ ಐವತ್ತೆರಡು ಸೆಕೆಂಡು.
೨. ಅದಕ್ಕೆ ಮೊದಲ ಒಂದೂವರೆ ನಿಮಿಷದೊಳಗೆ ಬಂದು ಬಿದ್ದ ಹತ್ತೊಂಬತ್ತು ಮೆಚ್ಚುಗೆಗಳು.
೩. ಗುಂಪಿನಲ್ಲಿ ಹಾಡುವ ನರ್ಸ್ ಅವರ ಖಾಸಗಿ ಸಂದೇಶ: “ಅಮ್ಮಾ, ಅದನ್ನ ಒಂದ್ಸಲ ಪೂರ್ತಿ ಕೇಳಿ. ಒಬ್ಬರೇ ಇದ್ದಾಗ ಕೇಳಿ.”

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಗುಂಪಿನ ಸದಸ್ಯರಿಗೆ ಈ ಕೆಳಗಿನ ಸಂಗತಿಗಳನ್ನು ತಿಳಿಯಪಡಿಸಲಾಗಿದೆ.

ಸದರಿ ಮುದ್ರಣ ಬಂದ ಹನ್ನೊಂದನೇ ಸೆಕೆಂಡಿಗೆ ಕೆಳಗೆ ಸಹಿ ಮಾಡಿದವರಿಂದ “ಕೊನೆಯ ಭಾಗವಂತೂ ಮನಸ್ಸು ತುಂಬಿತು” ಎಂಬ ಮೆಚ್ಚುಗೆ ನೀಡಲ್ಪಟ್ಟಿತು. ಬಾಲ್ಕನಿಯಲ್ಲಿ ಪಿಟೀಲು ಅಭ್ಯಾಸ ಮಾಡುವ ಲೆಕ್ಕದ ಮೇಷ್ಟ್ರು “ತಾಳದ ಮೇಲೆ ಒಳ್ಳೆ ಹಿಡಿತ” ಎಂದರು. ಯಾರ ಪ್ರತಿ ಹಾಡಿನಲ್ಲೂ ಒಂದು ಸೀಟಿ ಕೇಳಿಸುತ್ತದೋ ಆ ಕುಕ್ಕರ್ ಅತ್ತಿಗೆ “ಕಣ್ಣಲ್ಲಿ ನೀರು ಬಂತು ಅಣ್ಣಾ” ಎಂದರು. ಉಳಿದ ಹದಿನಾರು ಮಂದಿ ಚಪ್ಪಾಳೆ ತಟ್ಟುವ ಕೈಗಳ ಚಿತ್ರ ಕಳಿಸಿದರು.

ಮುದ್ರಣದಲ್ಲಿ ಸಂಗೀತ ಇರಲಿಲ್ಲ.

ದರ್ಜಿಯವರು ತಮ್ಮ ಅಂಗಡಿಯ ಟ್ರಯಲ್ ರೂಮಿನಲ್ಲಿ ಕುಳಿತು, ನಾಲ್ಕೂ ಕಡೆ ತೂಗುಹಾಕಿದ ಬಟ್ಟೆಗಳ ನಡುವೆ ನುಡಿಸುವುದು ವಾಡಿಕೆ. ಬಟ್ಟೆಗೆ ಸದ್ದು ತಾಗಿ ಮೆತ್ತಗಾಗುತ್ತದೆಂದು ಅವರೇ ಹಿಂದೊಮ್ಮೆ ತಿಳಿಸಿದ್ದರು. ಆ ದಿನ ಅವರು ಮುದ್ರಿಸುವ ಗುಂಡಿಯನ್ನು ಒಂದು ಸಲ ಮುಂಚಿತವಾಗಿ ಒತ್ತಿದ್ದರಿಂದ, ಶುರು ಮಾಡಲು ಒತ್ತಿದ್ದು ನಿಲ್ಲಿಸಿದಂತಾಗಿ, ನುಡಿಸುವುದಕ್ಕೆ ಮುಂಚಿನದ್ದೆಲ್ಲ ಮುದ್ರಣವಾಗಿದೆ, ನುಡಿಸಿದ್ದೊಂದು ಆಗಿಲ್ಲ. ತಾವೂ ಕೇಳಿ ನೋಡದೆ ಕಳಿಸಿದರು. ಈ ಒಂದು ಅಂಶದಲ್ಲಿ ಅವರೂ ನಮ್ಮ ಸಾಲಿಗೇ ಸೇರುತ್ತಾರೆ. ಅವರ ಹಾಗೂ ಅವರ ಪತ್ನಿಯವರ ನಡುವಿನ ಮಾತುಕತೆಯ ಅಗತ್ಯ ಭಾಗವನ್ನು, ಇಬ್ಬರ ಒಪ್ಪಿಗೆ ಪಡೆದು, ಕಡತಕ್ಕೆ ಸೇರಿಸಲಾಗಿದೆ:

ದರ್ಜಿ: ಪರದೆ ಎಳಿ ಸ್ವಲ್ಪ. ಮಿಷಿನ್ ಸದ್ದು ಒಳಗೆ ಬರುತ್ತೆ.
ಪತ್ನಿ: ಮಿಷಿನ್ ತುಳಿಯೋಳು ನಾನು. ನಾನು ಇಲ್ಲಿ ನಿಂತಿದೀನಿ. ಇನ್ಯಾರು ತುಳೀತಾರೆ?
ದರ್ಜಿ: ಐದೇ ನಿಮಿಷ ಕಣೇ.
ಪತ್ನಿ: ಐದು ನಿಮಿಷಕ್ಕೆ ಎರಡು ಕಾಲರ್ ಮುಗಿಯುತ್ತೆ. ಬಂದವರು ಅಂಗಿ ಹಾಕಿ ನೋಡೋಕಿರೋ ಜಾಗ ಇದು. ನೀವು ಊದ್ತಾ ಕೂತ್ರೆ ಅವರೇನು ಬೀದೀಲಿ ಹಾಕ್ಕೊಂಡು ನೋಡ್ಬೇಕಾ? ಇಲ್ಲಿ ಇನ್ನೊಂದು ಮಿಷಿನ್ ಹಾಕೋಣ ಅಂತ ಎಷ್ಟು ದಿನದಿಂದ ಹೇಳ್ತಿದೀನಿ.
ದರ್ಜಿ: ಹಾಕೋಣ.
ಪತ್ನಿ: ಅಲ್ಲ, ಯಾರು ಕೇಳ್ತಾರೆ ಹೇಳಿ ಇದನ್ನ?
ದರ್ಜಿ: ಕೇಳ್ತಾರೆ. ಆ ಹಾರ್ಮೋನಿಯಂ ಅಮ್ಮ ಅಂತೂ ಕಳಿಸಿದ ತಕ್ಷಣ ಕೇಳ್ತಾರೆ. ಮೊದಲ ಮಾತು ಯಾವಾಗ್ಲೂ ಅವರದೇ. ಅವರೊಬ್ಬರಾದ್ರೂ ಕೇಳ್ತಾರಲ್ಲ ಅಂತಾನೇ ನಾನು ಊದೋದು.
ಪತ್ನಿ: ಕೇಳ್ದೇ ಇದ್ರೆ?
ದರ್ಜಿ: ಕೇಳ್ದೇ ಇದ್ರೆ ಮಿಷಿನ್ ಹಾಕ್ಸು. ನಾನೇ ಜಾಗ ಖಾಲಿ ಮಾಡ್ಕೊಡ್ತೀನಿ.

ಇದಾದ ಬಳಿಕ ಒಂದು ಅಂಗಿಯ ಗುಂಡಿ ಕೆಳಗೆ ಬಿದ್ದು, ಇಬ್ಬರೂ ಅದನ್ನು ಮೂರು ನಿಮಿಷ ಹುಡುಕಿರುವುದು ಮುದ್ರಣದಲ್ಲಿ ಸ್ಪಷ್ಟವಾಗಿದೆ. ಮನಸ್ಸು ತುಂಬಿದ ಕೊನೆಯ ಭಾಗ ಇದೇ. ಗುಂಡಿ ಸ್ಟೂಲಿನ ಕೆಳಗೆ ಸಿಕ್ಕಿದೆ. “ಈಗ ಶುರು ಮಾಡ್ತೀನಿ, ಸುಮ್ನಿರು” ಎಂಬಲ್ಲಿಗೆ ಮುದ್ರಣ ಮುಗಿಯುತ್ತದೆ.

ಹತ್ತೊಂಬತ್ತು ಮೆಚ್ಚುಗೆಗಳನ್ನು ಹೆಮ್ಮೆಯಿಂದ ಓದಿ ಹೇಳಿದ ದರ್ಜಿಯವರು, ಹೆಂಡತಿಗೆ ಹಾಡನ್ನೂ ಕೇಳಿಸಲು ಹೋದಾಗ ಸಂಗತಿ ಬಯಲಾಯಿತೆಂದು ತಿಳಿದುಬಂದಿದೆ. ಅವರು “ಅಂಗಡಿಯಲ್ಲಿ ಕೆಲಸ ಜಾಸ್ತಿ. ಎಲ್ಲರಿಗೂ ನಮಸ್ಕಾರ” ಎಂದು ಬರೆದು ಗುಂಪು ಬಿಟ್ಟರು. ಆ ಸಂದೇಶಕ್ಕೂ ನಾಲ್ವರು ಚಪ್ಪಾಳೆ ಕಳಿಸಿದ್ದಾರೆ.

ಆದ್ದರಿಂದ, ತಕ್ಷಣದಿಂದ ಜಾರಿಗೆ ಬರುವಂತೆ ಈ ನಿಯಮಗಳನ್ನು ವಿಧಿಸಿ ಆದೇಶಿಸಲಾಗಿದೆ:

೧. ‘ಕೇಳುವುದು’ ಎಂದರೆ ಮುದ್ರಣವನ್ನು ಹಚ್ಚಿ, ಅದು ಮುಗಿಯುವವರೆಗೆ ಅದೇ ಕೋಣೆಯಲ್ಲಿ ಇರುವುದು. ಹಚ್ಚಿಟ್ಟು ಸ್ನಾನಕ್ಕೆ ಹೋಗುವುದನ್ನು ಕೇಳಿದಂತೆ ಪರಿಗಣಿಸಲಾಗುವುದಿಲ್ಲ. ಈರುಳ್ಳಿ ಹೆಚ್ಚುತ್ತ ಕೇಳಬಹುದು. ಆದರೆ ಆಗ ಬಂದ ಕಣ್ಣೀರನ್ನು ಸಂಗೀತದ ಖಾತೆಗೆ ಹಾಕತಕ್ಕದ್ದಲ್ಲ.

೨. ಐದು ನಿಮಿಷದ ಮುದ್ರಣಕ್ಕೆ ಐದು ನಿಮಿಷ ಒಂದು ಸೆಕೆಂಡಿಗೆ ಮೊದಲು ಮೆಚ್ಚುಗೆ ಸ್ವೀಕರಿಸಲಾಗುವುದಿಲ್ಲ. ಒಂದೇ ಬೆರಳಲ್ಲಿ ಬರೆಯುವ ಹಿರಿಯರು (ನೋಡಿ: ಕೆಳಗಿನ ಸಹಿ) ಮುಂಚಿತವಾಗಿಯೇ ಬರೆಯಲು ಶುರು ಮಾಡಬಹುದು. ಆದರೆ ಚೆನ್ನಾಗಿತ್ತೋ ಇಲ್ಲವೋ ಎಂಬಲ್ಲಿ ಜಾಗ ಖಾಲಿ ಬಿಟ್ಟು, ಕೊನೆಗೆ ತುಂಬತಕ್ಕದ್ದು.

೩. ‘ಅದ್ಭುತ’ ಎಂಬ ಪದವನ್ನು ಪ್ರತಿ ಸದಸ್ಯರಿಗೆ ವರ್ಷಕ್ಕೆ ನಾಲ್ಕರಂತೆ ಮಂಜೂರು ಮಾಡಲಾಗಿದೆ. ಉಳಿದದ್ದನ್ನು ಮುಂದಿನ ವರ್ಷಕ್ಕೆ ಕೊಂಡೊಯ್ಯುವಂತಿಲ್ಲ. ಕುಕ್ಕರ್ ಅತ್ತಿಗೆ ಈ ವರ್ಷ ಈಗಾಗಲೇ ಇನ್ನೂರ ಆರು ಬಳಸಿರುವುದರಿಂದ, ಅವರು ಮುಂದಿನ ಐವತ್ತು ವರ್ಷ ‘ಪರವಾಗಿಲ್ಲ’ ಎಂದು ಬರೆಯತಕ್ಕದ್ದು. ಅವರಿಗೆ ಆಯುಷ್ಯ ಗಟ್ಟಿಯಾಗಿರಲಿ.

೪. ಮೆಚ್ಚುಗೆಯಲ್ಲಿ, ಮುದ್ರಣದೊಳಗೆ ನಿಜವಾಗಿ ಇರುವ ಒಂದಾದರೂ ವಸ್ತುವನ್ನು ಹೆಸರಿಸುವುದು ಕಡ್ಡಾಯ. ಸಂಗೀತದಲ್ಲಿ ಏನೂ ತೋಚದಿದ್ದಲ್ಲಿ ಕೆಮ್ಮು, ಕುರ್ಚಿಯ ಕಿರ್ರೆನ್ನುವಿಕೆ ಅಥವಾ ಹಕ್ಕಿ ಸಾಕು. ಕುಕ್ಕರ್ ಸೀಟಿ ಎಲ್ಲರೂ ಈಗಾಗಲೇ ಹೆಸರಿಸಿ ಮುಗಿಸಿರುವುದರಿಂದ ಅದನ್ನು ಕೈಬಿಡಲಾಗಿದೆ. ಆದರೆ ಸೀಟಿಯು ಶ್ರುತಿಗೆ ಸರಿಯಾಗಿ ಬಂದ ದಿನ ವಿಶೇಷ ಪ್ರಕರಣವೆಂದು ಪರಿಗಣಿಸಲಾಗುವುದು.

೫. ಒಂದು ಸಲಕ್ಕೆ ಆರಕ್ಕಿಂತ ಹೆಚ್ಚು ಚಪ್ಪಾಳೆ ಕಳಿಸುವವರು, ತಮಗೆ ಎರಡಕ್ಕಿಂತ ಹೆಚ್ಚು ಕೈಗಳಿರುವುದಕ್ಕೆ ದೃಢೀಕರಣ ಪತ್ರ ಲಗತ್ತಿಸತಕ್ಕದ್ದು.

೬. ಹಳೆಯ ಮೆಚ್ಚುಗೆಗಳ ಬಗ್ಗೆ. ಕೆಳಗೆ ಸಹಿ ಮಾಡಿದವರು ಗುಂಪು ಶುರುವಾದಂದಿನಿಂದ ನೂರ ನಲವತ್ತಮೂರು ಮುದ್ರಣಗಳನ್ನು ಮೆಚ್ಚಿದ್ದು, ಅವುಗಳಲ್ಲಿ ಪೂರ್ತಿ ಕೇಳಿದ್ದು ಮೂವತ್ತೆಂಟನ್ನು ಮಾತ್ರ. ಮೂವತ್ತೊಂದು ವರ್ಷ ಒಂದು ಕಚೇರಿಯಲ್ಲಿ ಸುತ್ತೋಲೆಗಳನ್ನು ಬೆರಳಚ್ಚು ಮಾಡಿ, ‘ಓದಿ ನೋಡಲಾಗಿದೆ’ ಎಂದು ಅವರಿಂದ ಇವರಿಂದ ಓದದೆಯೇ ಸಹಿ ಹಾಕಿಸಿಕೊಂಡ ಅಭ್ಯಾಸ ಇದಕ್ಕೆ ಕಾರಣವಿರಬಹುದು, ವಿನಾಯಿತಿ ಕೋರಿಲ್ಲ. ಬಾಕಿ ಉಳಿದ ನೂರ ಐದನ್ನು ದಿನಕ್ಕೆ ಐದರಂತೆ ಕೇಳಿ ಮುಗಿಸಲಾಗಿದೆ. ಆಗ ಕಂಡುಬಂದ ಕೆಲವು ಅಂಶಗಳನ್ನು ಇಲ್ಲಿ ದಾಖಲಿಸುವುದು ಸೂಕ್ತ.

ಮೇಷ್ಟ್ರು ನುಡಿಸುವಾಗ ಪಕ್ಕದ ಮನೆಯವರು ಬಟ್ಟೆ ಒಗೆಯುವ ಯಂತ್ರವನ್ನು ನಡುವಿನಲ್ಲಿ ನಿಲ್ಲಿಸಿ, ಹಾಡು ಮುಗಿದ ಮೇಲೆ ಮತ್ತೆ ಓಡಿಸುತ್ತಾರೆ. ಮೇಷ್ಟ್ರಿಗೆ ಇದು ಗೊತ್ತಿರುವ ಲಕ್ಷಣವಿಲ್ಲ. ನರ್ಸ್ ಆಸ್ಪತ್ರೆಯ ಮೆಟ್ಟಿಲ ಬಳಿ ನಿಂತು ಹಾಡುವಾಗ ಮೇಲಿಂದ ಇಳಿಯುತ್ತಿದ್ದ ಹೆಜ್ಜೆಗಳು ನಿಂತುಬಿಡುತ್ತವೆ. ಹಾಡು ಮುಗಿದ ಮೇಲೆ ಇಳಿಯುತ್ತವೆ. ಕುಕ್ಕರ್ ಅತ್ತಿಗೆಯ ಯಜಮಾನರು ಸೀಟಿ ಬರುವ ಮುಂಚೆ ಒಲೆ ಆರಿಸಲು ಪ್ರತಿ ಸಲವೂ ಓಡಿ ಬರುತ್ತಾರೆ, ಪ್ರತಿ ಸಲವೂ ಒಂದು ಕ್ಷಣ ತಡವಾಗುತ್ತದೆ. ಇನ್ನು ಕೆಳಗೆ ಸಹಿ ಮಾಡಿದವರ ಸ್ವಂತ ಮುದ್ರಣಗಳಲ್ಲಿ, ಹಾರ್ಮೋನಿಯಂನಲ್ಲಿ ಒತ್ತಿದರೆ ಮೇಲೇಳದ ಒಂದು ಕೀಯ ಸದ್ದಿನ ಹಿಂದೆ, ಯಾರೋ ನಲ್ಲಿಯನ್ನು ಮೆಲ್ಲನೆ ತಿರುಗಿಸಿ ನಿಲ್ಲಿಸುವುದು, ಬಾಗಿಲಲ್ಲಿ ಬಂದವರಿಗೆ “ಅತ್ತೆ ನುಡಿಸ್ತಿದಾರೆ, ಆಮೇಲೆ ಬನ್ನಿ” ಎಂದು ಪಿಸುಗುಟ್ಟುವುದು ಕೇಳುತ್ತದೆ. ತಮ್ಮ ಮನೆ ಸ್ವಭಾವತಃ ನಿಶ್ಶಬ್ದವಾದದ್ದೆಂದು ಕೆಳಗೆ ಸಹಿ ಮಾಡಿದವರು ಇಷ್ಟು ವರ್ಷ ನಂಬಿದ್ದರು. ನಂಬಿಕೆಯನ್ನು ಹಿಂಪಡೆಯಲಾಗಿದೆ.

೭. ಸ್ಥಳ ಪರಿಶೀಲನೆ. ಕಳೆದ ಗುರುವಾರ, ಅಳತೆ ಸರಿಯಾಗಿಯೇ ಇದ್ದ ಮಗನ ಒಂದು ಅಂಗಿಯನ್ನು ಸಡಿಲ ಮಾಡಿಸುವ ನೆಪದಲ್ಲಿ, ಎರಡು ಬಸ್ಸು ಬದಲಿಸಿ ದರ್ಜಿಯವರ ಅಂಗಡಿಗೆ ಭೇಟಿ ನೀಡಲಾಯಿತು. ಗುಂಪಿಗೆ ಸೇರುವಾಗ ಅವರು ಹಾಕಿದ್ದ ಬೋರ್ಡಿನ ಚಿತ್ರದಿಂದ ವಿಳಾಸ ದೊರೆಯಿತು. ಹೊಲಿಗೆ ಯಂತ್ರದ ಮುಂದಿದ್ದ ಪತ್ನಿಯವರು ಗುಂಪಿನ ಮುದ್ರಣಗಳಲ್ಲಿ ಕೇಳಿದ್ದ ದನಿಯನ್ನು ಎರಡು ಮಾತಿಗೇ ಗುರುತು ಹಿಡಿದು, “ಹನ್ನೊಂದು ಸೆಕೆಂಡಿನ ಅಮ್ಮ ನೀವೇನಾ?” ಎಂದು ವಿಚಾರಿಸಿದರು. ಆರೋಪವನ್ನು ಒಪ್ಪಿಕೊಳ್ಳಲಾಯಿತು.

ಟ್ರಯಲ್ ರೂಮಿನಿಂದ ಸ್ಟೂಲನ್ನು ಹೊರಗಿಡಲಾಗಿತ್ತು. ಹೊಸ ಮಿಷಿನ್ನಿನ ನಾಲ್ಕು ಕಾಲು ಎಲ್ಲೆಲ್ಲಿ ಬರಬೇಕೆಂದು, ಬಟ್ಟೆಗೆ ಗುರುತು ಹಾಕುವ ಚಾಕಿನಿಂದಲೇ ನೆಲದ ಮೇಲೆ ನಾಲ್ಕು ಗುರುತು ಹಾಕಲಾಗಿತ್ತು. ಹಾಕಿದವರು ದರ್ಜಿಯವರೇ. ಅವರು ತಲೆ ಎತ್ತದೆ ಕತ್ತರಿ ಆಡಿಸುತ್ತ, “ಬನ್ನಿ ಅಮ್ಮ, ಕೂತ್ಕೊಳ್ಳಿ” ಎಂದರು. ಕ್ಷಮಾಪಣೆಯ ಒಂದು ಪುಟ ಬರೆದು ಒಯ್ಯಲಾಗಿದ್ದು, ಕನ್ನಡಕ ಮರೆತಿದ್ದರಿಂದ ಅದನ್ನು ಓದಲಾಗಲಿಲ್ಲ.

ಆಗ ಪತ್ನಿಯವರು ಸ್ಟೂಲನ್ನು ಕಾಲಿನಿಂದಲೇ ಒಳಕ್ಕೆ ತಳ್ಳಿ, ಈ ಕೆಳಗಿನಂತೆ ಆದೇಶಿಸಿದರು: “ರೀ, ಅವತ್ತು ಊದಿದ್ದನ್ನೇ ಈಗ ಊದಿ. ಇವರು ಇಲ್ಲೇ ನಿಂತಿರ್ತಾರೆ. ಎಲ್ಲಿಗೂ ಹೋಗೋ ಹಾಗಿಲ್ಲ, ಅವರ ಅಂಗಿ ನನ್ನ ಕೈಲಿದೆ.”

ದರ್ಜಿಯವರು ಪರದೆ ಎಳೆದುಕೊಂಡರು. ಕೆಳಗೆ ಸಹಿ ಮಾಡಿದವರು ಗುಂಡಿ ಡಬ್ಬಿಗಳ ಕಪಾಟಿಗೆ ಒರಗಿ ನಿಂತು ಕೇಳಿದರು. ಪತ್ನಿಯವರು ಮಿಷಿನ್ ತುಳಿಯಲಿಲ್ಲ. ಎರಡು ಕಾಲರ್‌ನಷ್ಟು ಹೊತ್ತು ಅಂಗಡಿಯಲ್ಲಿ ಬೇರಾವ ಕೆಲಸವೂ ನಡೆಯಲಿಲ್ಲ.

ಮುಗಿದ ಮೇಲೆ, ನಿಯಮ ನಾಲ್ಕರ ಪ್ರಕಾರ, ಪರದೆಯ ಈಚೆಯಿಂದ ವರದಿ ಸಲ್ಲಿಸಲಾಯಿತು: ಎರಡನೇ ಸುತ್ತಿನಲ್ಲಿ ಉಸಿರು ಸಾಲದೆ ನಿಂತಿರಿ, ಸಣ್ಣಗೆ ಕೆಮ್ಮಿದಿರಿ, ಮತ್ತೆ ಹಿಡಿಯುವಾಗ ಮೊದಲಿಗಿಂತ ಮೆಲ್ಲಗೆ ಹಿಡಿದಿರಿ, ಆಮೇಲಿನದ್ದು ಮೊದಲಿನದಕ್ಕಿಂತ ಹಿತವಾಗಿತ್ತು.

ಪರದೆಯ ಆಚೆಯಿಂದ “ಅದು ಕೇಳಿಸ್ತಾ ಅಮ್ಮ?” ಎಂದು ವಿಚಾರಿಸಲಾಯಿತು. ಕೇಳಿಸಿತೆಂದು ಉತ್ತರಿಸಲಾಯಿತು.

ಪತ್ನಿಯವರು ನೆಲದ ಮೇಲಿನ ನಾಲ್ಕು ಗುರುತುಗಳಲ್ಲಿ ಎರಡನ್ನು ಚಪ್ಪಲಿಯಿಂದ ಒರೆಸಿದರು. ಉಳಿದ ಎರಡರ ಬಗ್ಗೆ ಕ್ರಮ ಬಾಕಿ ಇದೆ.

೮. ದರ್ಜಿಯವರು ಗುಂಪಿಗೆ ಮರಳುವುದು ಬಿಡುವುದು ಅವರ ಇಷ್ಟಕ್ಕೆ ಬಿಟ್ಟ ವಿಷಯ. ಮರಳಿದಲ್ಲಿ ಯಾರೂ ಹೂವಿನ ಚಿತ್ರ ಕಳಿಸತಕ್ಕದ್ದಲ್ಲ. ಸುಮ್ಮನೆ ಕೇಳತಕ್ಕದ್ದು.

೯. ಈ ಸುತ್ತೋಲೆಯನ್ನು ಪೂರ್ತಿ ಓದದೆ ಚಪ್ಪಾಳೆ ಕಳಿಸುವವರು ಇರುತ್ತಾರೆಂದು ನಿರೀಕ್ಷಿಸಲಾಗಿದೆ. ಅವರ ಮೇಲೆ ಯಾವ ಕ್ರಮವೂ ಇಲ್ಲ. ಅವರಿಗೆ ಅಡುಗೆಮನೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಜಾಗ ಮಾಡಿಕೊಡಲಾಗುವುದು.

(ಸಹಿ)
ಹಾರ್ಮೋನಿಯಂ ಅಮ್ಮ
ಮುಖ್ಯಸ್ಥೆ, ಪ್ರೋತ್ಸಾಹ ವಿಭಾಗ
(ಬೇರೆ ಯಾರೂ ಒಪ್ಪದ ಕಾರಣ ಪ್ರಭಾರದಲ್ಲಿ)

ಪ್ರತಿಗಳು:
೧. ಲೆಕ್ಕದ ಮೇಷ್ಟ್ರಿಗೆ, ಪಕ್ಕದ ಮನೆಯವರಿಗೆ ಒಂದು ನಮಸ್ಕಾರ ಹೇಳಿ ಬರುವ ಸೂಚನೆಯೊಂದಿಗೆ.
೨. ಕುಕ್ಕರ್ ಅತ್ತಿಗೆಯ ಯಜಮಾನರಿಗೆ, ಇನ್ನು ಮುಂದೆ ಒಂದು ಕ್ಷಣ ಮುಂಚೆ ಹೊರಡುವ ಬಗ್ಗೆ.
೩. ನರ್ಸ್ ಅವರಿಗೆ, ತಪ್ಪನ್ನು ಹತ್ತೊಂಬತ್ತು ಜನರ ಮುಂದೆ ಹೇಳದೆ ಒಬ್ಬರಿಗೇ ಹೇಳಿದ್ದಕ್ಕಾಗಿ. ಈ ಪ್ರತಿಯೂ ಖಾಸಗಿ.
೪. ನಲ್ಲಿ ನಿಲ್ಲಿಸುವ ಸೊಸೆಗೆ, ಕೈಯಲ್ಲಿ ಕೊಡಲಾಗುವುದು.
೫. ದರ್ಜಿಯವರ ಪತ್ನಿಗೆ, ಅವರು ಕೇಳಿದ್ದ ‘ಯಾರು ಕೇಳ್ತಾರೆ’ ಎಂಬ ಪ್ರಶ್ನೆ ನ್ಯಾಯವಾದದ್ದೆಂದು ಒಪ್ಪಿ.
೬. ದರ್ಜಿಯವರಿಗೆ, ಮಾಹಿತಿಗಾಗಿ: ಅಂಗಿ ಈಗ ತೀರ ಸಡಿಲವಾಗಿದೆ. ಮತ್ತೆ ಬಿಗಿ ಮಾಡಿಸಲು ಬರುವ ಗುರುವಾರ ಹಾಜರಾಗಲಾಗುವುದು. ಸ್ಟೂಲು ಒಳಗೇ ಇರಲಿ.
೭. ಕಡತಕ್ಕೆ.