ಏನೂ ಇಲ್ಲದ ರೋಗ

ನಮ್ಮ ಕಡೆ ರೋಗಗಳಿಗೂ ಮಾನ ಮರ್ಯಾದೆ ಇದೆ. ಸಕ್ಕರೆ ಕಾಯಿಲೆಯವರಿಗೆ ಮದುವೆ ಮನೆಯಲ್ಲಿ ಬೇರೆ ಚಹಾ ಬರುತ್ತದೆ, ಮೊಣಕಾಲು ನೋವಿನವರಿಗೆ ಕುರ್ಚಿ ಬರುತ್ತದೆ. ನನ್ನದು ಅಂಥ ಭಾಗ್ಯವಂತ ರೋಗವಲ್ಲ. ಎಲ್ಲ ತಪಾಸಣೆ ಮುಗಿದ ಮೇಲೆ ಡಾಕ್ಟರು ನಗುತ್ತ "ಏನೂ ಇಲ್ರಿ" ಅನ್ನುವ ರೋಗ. ಏನೂ ಇಲ್ಲದವನಿಗೆ ಯಾರು ಕುರ್ಚಿ ಕೊಡುತ್ತಾರೆ?

ಇಂಡಿ ಊರಿನ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಕೂಗುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಚಡಚಣದ ಬಸ್ಸಿನ ಹೆಸರು ಕೂಗುತ್ತಿದ್ದಾಗಲೇ ಎದೆ ಡೋಲಿನಂತೆ ಬಡಿಯತೊಡಗಿತು. ಬೆರಳುಗಳು ಜುಮ್ಮೆಂದವು, ಉಸಿರು ಸಿಗಲಿಲ್ಲ, ಇದೇ ಕೊನೆ ಅನ್ನಿಸಿತು. ಮೈಕು ಬಂದ್ ಮಾಡುವುದು ಮರೆತು "ನಾ ಸಾಯಾಕತ್ತೇನಿ" ಎಂದುಬಿಟ್ಟೆ. ಚಡಚಣಕ್ಕೆ ಹೋಗುವವರೆಲ್ಲ ಬಸ್ಸು ಬಿಟ್ಟು ನನ್ನನ್ನು ನೋಡಲು ಓಡಿ ಬಂದರು.

ಆಸ್ಪತ್ರೆಯಲ್ಲಿ ಇಸಿಜಿ ಸರಿಯಾಗಿಯೇ ಇತ್ತು. ಬಾಗಿಲಲ್ಲಿ ಅಳುತ್ತಿದ್ದ ನನ್ನ ಹೆಂಡತಿ ಶಾಂತಾ ಅದನ್ನು ಕೇಳಿದ್ದೇ ಕಣ್ಣೊರೆಸಿಕೊಂಡು ಸಿಟ್ಟಾದಳು. "ಏನೂ ಇಲ್ಲಂದ್ರ ಊರ ಮಂದಿಗೆಲ್ಲಾ ಕೇಳೋಹಂಗ ಯಾಕ ಒದರಿದ್ರಿ?" ವಾರದೊಳಗೆ ಮತ್ತೆ ಬಂತು, ಆಮೇಲೆ ಮತ್ತೆ. ಬಂದಾಗಿನ ಹೆದರಿಕೆಗಿಂತ ಯಾವಾಗ ಬರುತ್ತದೋ ಎಂಬ ಹೆದರಿಕೆ ದೊಡ್ಡದಾಯಿತು. ಮೈಕನ್ನು ಜೊತೆಗಾರ ಮೈಬೂಬಸಾಹೇಬರಿಗೆ ಒಪ್ಪಿಸಿ ಮೂಲೆ ಹಿಡಿದೆ. ಬಸ್ಸು ಹತ್ತುವುದನ್ನೂ ಬಿಟ್ಟೆ. ನಡುದಾರಿಯಲ್ಲಿ ಎದೆ ಹಿಡಿದುಕೊಂಡರೆ ಇಳಿಯುವುದೆಲ್ಲಿ?

ಆಗಲೇ ಆಲಮೇಲದಲ್ಲಿದ್ದ ಅಕ್ಕನಿಗೆ ಗರ್ಭಕೋಶದ ಆಪರೇಷನ್ ಆಯಿತು. ತಾಯಿ ಸತ್ತ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಧೈರ್ಯ ಮಾಡಿ ಬಸ್ಸು ಹತ್ತಿ ನೋಡಲು ಹೊರಟೆ. ಬಸ್ಸು ಊರು ದಾಟಿ ಕಬ್ಬಿನ ಹೊಲಗಳ ನಡುವೆ ಸಾಗಿದ್ದೇ ಮತ್ತೆ ಅದೇ ಬಂತು. ಕಂಡಕ್ಟರನಿಗೆ ಕೈಮುಗಿದು ಇಳಿದು, ಅವಳಿಗೆಂದು ಒಯ್ಯುತ್ತಿದ್ದ ದಾಳಿಂಬೆಯ ಚೀಲ ಹಿಡಿದು ರಸ್ತೆ ಬದಿಯಲ್ಲಿ ಕೂತೆ. ಅಕ್ಕ ಫೋನು ಮಾಡಿ, "ಎಲ್ಲಿ ಅದಿಯೋ ತಮ್ಮಾ? ಬಾಗಲಾ ನೋಡಾಕತ್ತೇನಿ" ಅಂದಳು. "ಬಸ್ ಕೆಟ್ಟೈತಿ" ಅಂದೆ. ಕೆಟ್ಟಿದ್ದು ನಾನು. ಹಣ್ಣು ಮನೆಗೆ ಮರಳಿ ಬಂದವು; ಶಾಂತಾ ಅವನ್ನು ನೋಡಿದಳು. ಮರುದಿನ ಅವಳೇ ನನ್ನನ್ನು ತಾಲೂಕಾಸ್ಪತ್ರೆಗೆ ಬರುತ್ತಿದ್ದ ಆಪ್ತಸಮಾಲೋಚಕಿಯ ಮುಂದೆ ಕೂರಿಸಿದಳು.

ಆ ಹುಡುಗಿ ನಗಲಿಲ್ಲ. ಅದಕ್ಕೇ ನನಗೆ ಅಳು ಬಂತು. "ನಿಮಗೇನೂ ಇಲ್ಲ ಅಂತ ನಾ ಅನ್ನಂಗಿಲ್ರಿ," ಅಂದಳು. "ಹುಲಿ ಬರದಿದ್ರೂ ನಿಮ್ಮ ಮೈ ಹುಲಿ ಬಂತು ಅಂತ ಓಡಾಕ ನಿಂತೈತಿ. ಅದಕ್ಕ ಸಮಾಧಾನ ಹೇಳಾಕ ಕಲೀಬೇಕ್ರಿ." ನಿಧಾನವಾಗಿ ಉಸಿರು ಬಿಡುವುದನ್ನು, ಮುಷ್ಟಿ, ಭುಜ, ದವಡೆಗಳನ್ನು ಬಿಗಿದು ಸಡಿಲಿಸುವುದನ್ನು ಕಲಿಸಿದಳು. ನಿಲ್ದಾಣದಲ್ಲಿ ಕೂತು ಅಭ್ಯಾಸ ಮಾಡತೊಡಗಿದೆ. ಮುಷ್ಟಿ ಬಿಗಿದು ಹಲ್ಲು ಕಡಿಯುತ್ತಿದ್ದವನನ್ನು ಕಂಡು ಬಾಗೇವಾಡಿಯ ಬಸ್ಸು ಕೇಳಲು ಬಂದ ಯಜಮಾನರೊಬ್ಬರು, "ತಪ್ಪಾತ್ರಿ ಸಾಹೇಬ್ರ" ಎಂದು ಹಿಂದೆ ಸರಿದರು.

ಬಳಿಕ ಅವಳು ನಿಂತ ಬಸ್ಸಿನಲ್ಲಿ ಕೂರಲು ಹೇಳಿದಳು, ಆಮೇಲೆ ಮುಂದಿನ ಸ್ಟಾಪಿನವರೆಗೆ ಹೋಗಲು. ಶಾಂತಾ ಪಕ್ಕದಲ್ಲಿ ಕೂತಿರುತ್ತಿದ್ದಳು. ಎದೆ ಬಡಿಯುತ್ತಿತ್ತು. ಆದರೂ ಇಳಿಯಬಾರದು, ಹೆದರಿಕೆ ತಾನೇ ಇಳಿಯುವವರೆಗೆ ಕಾಯಬೇಕು. ಎಷ್ಟೋ ದಿನ ಸೋತು ಇಳಿದೆ.

ಕೊನೆಗೊಂದು ದಿನ ಆಲಮೇಲ ತಲುಪಿದೆ. ಅಂಗಿ ಬೆವರಿನಿಂದ ತೊಯ್ದಿತ್ತು. ಸೊರಗಿ ಹೋಗಿದ್ದ ಅಕ್ಕನಿಗೆ ಎಲ್ಲ ಹೇಳಿಕೊಂಡೆ. ಅವಳು ನನ್ನ ಹತ್ತಿರ ಸರಿದಳು. "ನಿಮ್ಮ ಮಾವ ಹ್ವಾದಾಗಿಂದ ನನಗೂ ಹಿಂಗ ಆಗ್ತೈತಿ. ಗ್ಯಾಸ್ ಅಂದ್ಕೊಂಡು ಅಜವಾನದ ನೀರು ಕುಡಿತೇನಿ," ಅಂದಳು. ಗಂಡ ಸತ್ತ ಮೇಲೆ ಇಷ್ಟು ವರ್ಷ ಒಬ್ಬಳೇ ಅದನ್ನು ನುಂಗಿಕೊಂಡಿದ್ದಳು. ಅವಳ ಕೈ ಹಿಡಿದು ಉಸಿರು ಬಿಡುವುದನ್ನು ಹೇಳಿಕೊಟ್ಟೆ, ಮುಷ್ಟಿ ಬಿಗಿಸಿ ಸಡಿಲ ಮಾಡಿಸಿದೆ. ಅವಳು ಕಣ್ಣು ಮುಚ್ಚಿ ಎಷ್ಟು ಶಾಂತಳಾದಳೆಂದರೆ ನನಗೆ ದಿಗಿಲಾಯಿತು. ಉಸಿರಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬಗ್ಗಿದೆ.

ಅಕ್ಕ ಒಂದೇ ಕಣ್ಣು ತೆರೆದಳು. "ತಮ್ಮಾ, ಆ ಕಡೆ ಹೋಗಿ ಕುಂದ್ರೋ. ನಿನ್ನ ಮಾರಿ ನೋಡಿದ್ರ ನನಗ ಗಾಬರಿ ಆಗ್ತೈತಿ."