ಸೋಮವಾರ ಬೀಗ ಹಾಕುವ ವೆಬ್‌ಸೈಟು

ಇದರಲ್ಲಿ ನಡೆದದ್ದೆಷ್ಟು, ನಾನು ಹೇಳಿ ಹೇಳಿ ಬೆಳೆಸಿದ್ದೆಷ್ಟು ಎಂದು ಈಗ ನನಗೇ ಖಾತ್ರಿಯಿಲ್ಲ. ಆ ದಿನ ಮಾವ ನನ್ನ ಲ್ಯಾಪ್‌ಟಾಪ್ ಕಿತ್ತುಕೊಂಡರೋ, ಹೆದರಿ ನಾನೇ ಕೊಟ್ಟೆನೋ? ಒಂದನ್ನಂತೂ ಎದೆ ತಟ್ಟಿ ಹೇಳುತ್ತೇನೆ: ವೆಬ್‌ಸೈಟಿಗೆ ವಾರದ ರಜೆ ಕೊಟ್ಟವರು ಈ ಭೂಮಿಯ ಮೇಲೆ ನನ್ನ ಸೋದರಮಾವ ಒಬ್ಬರೇ!

ಕಿರಂಗೂರಿನಲ್ಲಿ ಬೆಲ್ಲ ಮಾಡುವುದು ನಿಂತುಹೋದ ತಮ್ಮ ಆಲೆಮನೆಯನ್ನು ಮಾವ ಸಮಕಾಲೀನ ಕಲೆಯ ಕೇಂದ್ರ ಮಾಡಿದ್ದಾರೆ. ಕೊಪ್ಪರಿಗೆಯೊಳಗೆ ಟಿ.ವಿ., ಗಾಣದ ಮೇಲೆ ಹರಿದ ಚಪ್ಪಲಿಗಳ ಗೋಪುರ. ನಾಗಮಂಗಲದ ಬೀಗರು ಬಂದವರು, "ಇದೇನ್ ಬೀಗ್ರೆ, ಗುಜರಿ ಯಾವಾಗ ಸುರು ಮಾಡುದ್ರಿ?" ಎಂದಾಗ ಮಾವ ಅದನ್ನು ವಿಮರ್ಶೆಯೆಂದೇ ತಿಳಿದು ಇನ್ನೊಂದು ಲೋಟ ಕಾಫಿ ಕೊಡಿಸಿದ್ದರು.

ಕೇಂದ್ರದ ಇಪ್ಪತ್ತೆರಡನೇ ವಾರ್ಷಿಕೋತ್ಸವಕ್ಕೆ ವೆಬ್‌ಸೈಟ್ ಮಾಡುವ ಕೆಲಸ ನನ್ನ ಹೆಗಲಿಗೆ ಬಿತ್ತು.

"ಇಪ್ಪತ್ತೈದಕ್ಕೆ ಮಾಡೋಣ ಮಾವ."

"ಅಲ್ಲೀಗಂಟ ನಾನಿರಬೇಕಲ್ಲಾ!"

ಅದು ತಮಾಷೆಯ ಮಾತಲ್ಲ. ಅವರ ನಂತರ ಕೇಂದ್ರ ನಡೆಸುವವರಿರಲಿಲ್ಲ. ಅಲ್ಲೊಂದು ಕಲ್ಯಾಣಮಂಟಪ ಕಟ್ಟಬೇಕೆಂದು ದಾಯಾದಿಗಳು ಟೇಪು ಹಿಡಿದು ಅಳತೆಯನ್ನೂ ಮಾಡಿಯಾಗಿತ್ತು. ಮೈಸೂರಿನ ಒಂದು ಕಲಾಸಂಸ್ಥೆ ಮಾತ್ರ, ವಾರ್ಷಿಕೋತ್ಸವದ ದಿನ ಬಂದು, ವೆಬ್‌ಸೈಟು ನೋಡಿ, ಕೇಂದ್ರವನ್ನು ವಹಿಸಿಕೊಳ್ಳುವುದೋ ಬೇಡವೋ ಹೇಳುತ್ತೇವೆ ಎಂದಿತ್ತು.

ಮೊದಲ ಪುಟದಲ್ಲೇ ಚಪ್ಪಲಿ ಬಿಡುವ ಜಾಗ ಇರಬೇಕು ಎಂದರು ಮಾವ. ಇಟ್ಟೆ. ಕಲಾವಿದರ ಹೆಸರಿಗಿಂತ ಊಟದ ಹೊತ್ತು ದಪ್ಪಕ್ಷರದಲ್ಲಿರಬೇಕು ಎಂದರು. ಅದನ್ನೂ ಇಟ್ಟೆ. ಆಮೇಲೆ ಬಂತು ನೋಡಿ!

"ಸೋಮ್ವಾರ ಬೀಗ ಆಕ್ಬುಡ್ಲಾ."

"ವೆಬ್‌ಸೈಟಿಗೆ ಬೀಗವೇ ಮಾವ?"

"ಸೋಮ್ವಾರ ಎತ್ತಿಗೆ ನೊಗ ಕಟ್ಟಾಕಿಲ್ಲ. ಎತ್ತಿಗಿಲ್ಲದ ಕೆಲ್ಸ ಇದಕ್ಯಾಕ್ಲಾ? ಯೂನಿವರ್ಸಿಟೀಲಿ ಇದ್ನೂ ಏಳ್ಕೊಡ್ಲಿಲ್ವಾ?"

ನಮ್ಮ ಕಡೆ ಸೋಮವಾರ ಬಸವನ ದಿನ, ಒಪ್ಪಿದೆ. ಆದರೆ ಅವರ ಕೊಟ್ಟಿಗೆಯಲ್ಲಿ ಎತ್ತೆಲ್ಲಿದೆ? ಇರುವುದು ಟ್ರಾಕ್ಟರು! ಹಿಂದೊಮ್ಮೆ ವಿದೇಶದ ಕಲಾವಿದೆಯೊಬ್ಬಳು, ತಮ್ಮ ದೇಶದ ದೊಡ್ಡ ಮ್ಯೂಸಿಯಮ್ಮುಗಳೂ ಸೋಮವಾರವೇ ಮುಚ್ಚುತ್ತವೆ ಎಂದಾಗ ಮಾವ ಕೈಮುಗಿದು, "ಅವ್ರ ದೇಸದಲ್ಲೂ ಬಸಪ್ಪ ಅವ್ನೆ ಬುಡು" ಎಂದಿದ್ದರು. ಇಂಥವರ ಹತ್ತಿರ ವಾದ ಮಾಡಿ ಗೆದ್ದವರುಂಟೇ? ಸೋಮವಾರ ಯಾರು ತೆರೆದರೂ ಮುಚ್ಚಿದ ಬಾಗಿಲಿನ ಚಿತ್ರವೊಂದೇ ಕಾಣುವ ಹಾಗೆ ಮಾಡಿಟ್ಟೆ.

ವಾರ್ಷಿಕೋತ್ಸವದ ತಾರೀಖು ನೋಡಿದ್ದೆ. ವಾರ ನೋಡಿರಲಿಲ್ಲ!

ಅಂಗಳದಲ್ಲಿ ಪರದೆ. ಮುಂದೆ ಸಂಸ್ಥೆಯ ಮೇಡಂ. ಪಕ್ಕದಲ್ಲಿ, ನಗುವುದಕ್ಕೆಂದೇ ಬಂದು ಕೂತ ದಾಯಾದಿಗಳು. ಗುಂಡಿ ಒತ್ತಿದೆ. ಬಾಗಿಲು ಬಂತು. ಮುಚ್ಚಿದ ಬಾಗಿಲು. "ಒಂದೇ ನಿಮಿಷ ಮೇಡಂ, ಬೀಗ ತೆಗೀತೀನಿ" ಎಂದು ಬಗ್ಗುವಷ್ಟರಲ್ಲಿ ಲ್ಯಾಪ್‌ಟಾಪಿನ ಮೇಲೆ ಮಾವನ ಕೈ.

"ಮುಟ್ಟಬ್ಯಾಡ ಕಣ್ಲಾ."

"ಮಾವ, ಇವತ್ತು ತಪ್ಪಿದರೆ ಎಲ್ಲ ಹೋಯ್ತು!"

"ಓದ್ರೆ ಓಗ್ಲಿ. ನಾನು ಕರ್ದಿದ್ದು ಊಟಕ್ಕೆ. ನೋಡಾದು ನಾಳೀಕೆ."

ಮೇಡಂ ಕನ್ನಡಕ ತೆಗೆದರು. "ಯಾಕೆ ಯಜಮಾನ್ರೇ ಇಷ್ಟು ಹಟ?"

ಮಾವ ಪರದೆಯ ಮೇಲಿನ ಬಾಗಿಲನ್ನೇ ನೋಡುತ್ತಿದ್ದರು. "ನನ್ ಜೋಡೆತ್ನ ಮಾರಿದ್ದು ಅವುಗಳ ರಜಾ ದಿವ್ಸ ಕಣ್ರವ್ವ. ಟ್ರಾಕ್ಟರು ಬರಾದಿತ್ತು, ನಂಗೆ ಆತ್ರ. ಹೊಸಹೊಳಲಿನವ್ರು ನಡುಸ್ಕಂಡು ಓದ್ರು. ಖಾಲಿ ನೊಗಾನ ತಂದು ಈ ಆಲೆಮನೆ ಗ್ವಾಡೆಗೆ ನೇತಾಕ್ದೆ. ಅದೇ ಇದ್ರ ಸುರು. ಆವತ್ತಿಂದ ಸೋಮ್ವಾರ ನಾನೇನೂ ಮಾರಾಕಿಲ್ಲ, ತೋರ್ಸಾಕಿಲ್ಲ."

ದಾಯಾದಿಗಳೂ ನಗಲಿಲ್ಲ.

ಮೇಡಂ ಊಟ ಮಾಡಿ ಹೋದವರು ಮಾರನೆಯ ದಿನ ಮತ್ತೆ ಬಂದು, ಕೇಂದ್ರ ವಹಿಸಿಕೊಳ್ಳಲು ಒಪ್ಪಿದರು. ನನ್ನ ವಿನ್ಯಾಸ ಮೆಚ್ಚಿಯೇ ಒಪ್ಪಿದ್ದೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ನನ್ನ ತಲೆಯೊಳಗಿನ ಹುಳು ಸುಮ್ಮನಿರಬೇಕಲ್ಲ! ಎತ್ತಿನದು ಮಾವ ಆ ಗಳಿಗೆಗೆ ಕಟ್ಟಿದ ಕಥೆಯಾಗಿದ್ದರೆ?

ಹೊಸಹೊಳಲಿಗೆ ಹೋಗಿ, ಆ ಎತ್ತು ಕೊಂಡವರನ್ನು ಹುಡುಕಿ ಕೇಳಿದೆ.

"ಸೋಮ್ವಾರನೇ ಸ್ವಾಮಿ" ಎಂದರು ಅವರು. "ಗಾಡೀಗೆ ಕಟ್ಟಬ್ಯಾಡಿ ಅಂತ ಆಣೆ ಆಕುಸ್ಕಂಡಿದ್ರು, ಬರೀ ಮೈಲೇ ನಡುಸ್ಕಂಡು ಬಂದೆ. ಪಾಂಡವಪುರದ ಗಂಟ ನಿಮ್ಮ ಮಾವನೂವೆ ಎತ್ಗಳ ಇಂದಿಂದೇ ನಡ್ಕಂಡು ಬಂದ್ರು."