ಬಾರ್ಜು ಖಾಲಿ ಮಾಡಿದ ಭರತೇಶ

ಸೂರತ್ತಿನ ಹೊರಗಿನ ಪುಟ್ಟ ಬಂದರೊಂದಕ್ಕೆ ಭರತೇಶ ಮ್ಯಾನೇಜರಾಗಿ ಬಂದು ಇನ್ನೂ ಮೊದಲನೇ ದಿನ. ಅಡಾಜಣ್‌ನ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಳ್ಳುವಷ್ಟರಲ್ಲಿ ಅಹಮದಾಬಾದಿನ ಹೆಡ್ ಆಫೀಸಿನಿಂದ ಫೋನು ಬಂತು. ಬೇರೆ ಬಂದರುಗಳಲ್ಲಿ ಬಾರ್ಜೆಂಬ ಸರಕು ದೋಣಿಯ ಕೆಲಸ ಒಂದೇ ದಿನಕ್ಕೆ ಮುಗಿಯುತ್ತದಂತೆ, ನಮ್ಮಲ್ಲೇಕೆ ಮೂರು ದಿನ ಎಂದು ಡೈರೆಕ್ಟರು ಕೇಳಿದರು. ಸಂಜೆಯೊಳಗೆ ಸುಧಾರಣೆ ಕಾಣಬೇಕಂತೆ. ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು.

ಬಂದರಿಗೆ ಬಂದು ನೋಡಿದರೆ ಉಪ್ಪಿನ ಮೂಟೆ ತುಂಬಿದ ಬಾರ್ಜೊಂದು ಮೇದು ಬಂದ ಎಮ್ಮೆಯ ಹಾಗೆ ದಕ್ಕೆಗೆ ಒರಗಿ ನಿಂತಿತ್ತು. ಬಂದು ಮೂರು ದಿನವಾಯಿತೆಂದ ಕಾವಲುಗಾರ. ಕೂಲಿಗಳು ಚಹಾ ಕುಡಿಯುತ್ತಿದ್ದರು. ಸೂಪರ್‌ವೈಸರ್ ಜಯತೀರ್ಥ ಮೂರು ರಿಜಿಸ್ಟರು ಹರಡಿಕೊಂಡು ಕೂತಿದ್ದರು. ಭರತೇಶನಿಗೆ ರೋಗದ ಮೂಲ ಸಿಕ್ಕಿಬಿಟ್ಟಿತು. ರಿಜಿಸ್ಟರುಗಳನ್ನು ಬೀರುವಿಗೆ ಹಾಕಿ ಬೀಗ ಜಡಿದ. ಪ್ರಶ್ನೆಯಿಲ್ಲ, ಹರಟೆಯಿಲ್ಲ, ಬಾರ್ಜು ಖಾಲಿಯಾಗಲೇಬೇಕು ಎಂದು ಸಾರಿದ. ಕೂಲಿಗಳು ಮುಖ ಮುಖ ನೋಡಿಕೊಂಡರು.

ಬಿಜಾಪುರದ ಕಡೆಯ ಜಯತೀರ್ಥ ಮೆಲ್ಲಗೆ ಹತ್ತಿರ ಬಂದರು. “ಸಾಹೇಬ್ರ, ಆ ಬಾರ್ಜಿಂದು ಒಂದ್ ಮಾತು ಹೇಳೂದಿತ್ರಿ.”

“ಮಾತಾಡ್ತಾ ಕೂತೇ ಮೂರು ದಿನ ಆಗಿದ್ದು. ಕೆಲಸ ಮುಗೀಲಿ, ಆಮೇಲೆ ಹೇಳಿ.”

ಮತ್ತೆರಡು ಸಲ ಅವರು ಬಾಯಿ ತೆರೆದರು. ಮೂರನೆಯ ಸಲಕ್ಕೆ ಭರತೇಶ ಅವರನ್ನು ಗೇಟು ಕಾಯಲು ಕಳಿಸಿದ. ಕ್ರೇನು ಒಂದು ನಿಮಿಷವೂ ನಿಲ್ಲಲಿಲ್ಲ. ಮಧ್ಯಾಹ್ನ ಒಂದಕ್ಕೆಲ್ಲ ಬಾರ್ಜು ಬರಿದು. ಭರತೇಶ ಅದರ ಫೋಟೋ ತೆಗೆದು ಡೈರೆಕ್ಟರಿಗೆ ಕಳಿಸಿಯೂಬಿಟ್ಟ.

ಅಷ್ಟರಲ್ಲಿ ಬಾರ್ಜಿನ ಕ್ಯಾಪ್ಟನ್ ಕರ್ಸನ್‌ಭಾಯಿ, ಉಧ್ನಾದ ಮಗಳ ಮನೆಯಲ್ಲಿ ಊಟ ಮುಗಿಸಿ ಬಂದರು. ಉಪ್ಪಿಲ್ಲದ ಬಾರ್ಜು ಕಂಡು ಅಗಿಯುತ್ತಿದ್ದ ಪಾನು ಬಾಯಲ್ಲೇ ನಿಂತಿತು.

“ಮೇರಾ ನಮಕ್ ಕಹಾಂ ಗಯಾ?”

ಗೇಟಿನಿಂದ ಓಡಿ ಬಂದ ಜಯತೀರ್ಥ ಏದುಸಿರು ಬಿಟ್ಟರು. “ಅದನ್ನ ಹೇಳಾಕ ಬಂದಿದ್ನಿ ಸಾಹೇಬ್ರ. ಮೂರು ದಿನದಿಂದ ನಾವ ತುಂಬಿದ್ದು. ಇವತ್ತ ಸಂಜಿ ಉಬ್ಬರಕ್ಕ ಹೊರಡೂದಿತ್ತು.”

ಭರತೇಶ ಗಡಿಯಾರ ನೋಡಿದ. ಉಬ್ಬರ ತಪ್ಪಿದರೆ ಬಾರ್ಜು ಕೆಸರಲ್ಲಿ, ತನ್ನ ನೌಕರಿ ನೀರಲ್ಲಿ. ಕೂಲಿಗಳಿಗೆ ಕೈಮುಗಿದ. ಅಂಗಿ ಬಿಚ್ಚಿ ತಾನೂ ಮೂಟೆ ಹೊತ್ತ. ಇಳಿಸಿದ್ದನ್ನೆಲ್ಲ ಮತ್ತೆ ಏರಿಸಿ ಮುಗಿಸಿದಾಗ ಅವನು ಉಪ್ಪು ಸವರಿ ಬಿಸಿಲಿಗಿಟ್ಟ ಮೀನಿನಂತಾಗಿದ್ದ. ಆರಕ್ಕೆ ಬಾರ್ಜು ಹೊರಟಿತು.

ಅದರ ಬೆನ್ನಿಗೇ ಡೈರೆಕ್ಟರ ಫೋನು. ಭರತೇಶ ರಾಜೀನಾಮೆಯ ಮಾತನ್ನು ತುಟಿಯ ಮೇಲಿಟ್ಟುಕೊಂಡೇ ಎತ್ತಿದ. ಅತ್ತಲಿಂದ ಚಪ್ಪಾಳೆ ಕೇಳಿಸಿತು. ಕ್ರೇನಿನ ಮೀಟರು ಎತ್ತಿದ ಭಾರವನ್ನೆಲ್ಲ ನೇರ ಅಹಮದಾಬಾದಿಗೆ ಕಳಿಸುತ್ತಿತ್ತು. ಮೂಟೆ ಇಳಿಯಿತೋ ಏರಿತೋ ಅದಕ್ಕೆ ಗೊತ್ತಾಗದು. ಒಂದೇ ದಿನದಲ್ಲಿ ಎರಡು ಬಾರ್ಜಿನ ಮಾಲು, ಕಂಪನಿಯ ಇತಿಹಾಸದಲ್ಲೇ ಇಲ್ಲ ಎಂದರು ಡೈರೆಕ್ಟರು. ನಾಳೆ ಬೆಳಿಗ್ಗೆ ಉಳಿದೆಲ್ಲ ಬಂದರುಗಳ ಮ್ಯಾನೇಜರುಗಳನ್ನು ಕರೆತರುತ್ತಾರಂತೆ, ಇದೇ ಕೆಲಸವನ್ನು ಅವರೆದುರು ಇನ್ನೊಮ್ಮೆ ಮಾಡಿ ತೋರಿಸಬೇಕಂತೆ.

ಭರತೇಶ ತಿರುಗಿ ನೋಡಿದ. ದಕ್ಕೆಯಲ್ಲಿ ಬಾರ್ಜಿರಲಿಲ್ಲ. ಗೋದಾಮಿನಲ್ಲಿ ಒಂದು ಹಿಡಿ ಉಪ್ಪೂ ಇರಲಿಲ್ಲ.